ಅಪರಿಚಿತ ಪಠ್ಯದ ಬಾಗಿಲು: ಎ.ಕೆ. ರಾಮಾನುಜನ್ ಅವರ ಓದಿನ ಕ್ರಮ

ಪರಿಚಯವಿಲ್ಲದ ಸಾಹಿತ್ಯಕೃತಿಯೊಂದು ಎದುರಾದಾಗ ಓದುಗ ಅದನ್ನು ಎಲ್ಲಿಂದ ಹಿಡಿಯುತ್ತಾನೆ ಎಂಬ ಪ್ರಶ್ನೆಯನ್ನು ಕನ್ನಡ ವಿಮರ್ಶೆ ಪ್ರತ್ಯೇಕವಾಗಿ ಎತ್ತಿಕೊಂಡದ್ದು ಕಡಿಮೆ. ಕೃತಿಯ ಕಾಲ, ಕರ್ತೃತ್ವ, ಪಾಠ, ಮೌಲ್ಯ ಇವುಗಳನ್ನು ಕುರಿತ ಚರ್ಚೆ ವಿಪುಲವಾಗಿದೆ. ಆದರೆ ಒಬ್ಬ ನಿರ್ದಿಷ್ಟ ಓದುಗ, ತಾನು ಕಲಿಯದ ಭಾಷಾರೂಪದಲ್ಲಿ, ತಾನು ಕಾಣದ ಕಾವ್ಯಸಂಕೇತಗಳಲ್ಲಿ ಹುದುಗಿರುವ ಪಠ್ಯದ ಮುಂದೆ ಕುಳಿತು ಹೇಗೆ ಒಂದೊಂದೇ ಹೆಜ್ಜೆ ಒಳಹೊಕ್ಕ ಎಂಬ ಸಂಗತಿ ಸಾಮಾನ್ಯವಾಗಿ ಪೀಠಿಕೆಯ ಕೃತಜ್ಞತೆಯ ಸಾಲುಗಳಲ್ಲೇ ಮುಗಿದುಹೋಗುತ್ತದೆ. ಅದು ವೈಯಕ್ತಿಕ ವಿವರ, ಶಾಸ್ತ್ರಕ್ಕೆ ಹೊರತು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವವಾಗಿ ಅರ್ಥನಿರ್ಣಯದ ಬಹುಪಾಲು ನಡೆಯುವುದು ಆ ಮೊದಲ ಹೆಜ್ಜೆಗಳಲ್ಲಿಯೇ. ಯಾವ ಬಾಗಿಲಿನಿಂದ ಒಳಗೆ ಹೋದರೋ ಆ ಬಾಗಿಲಿನ ಅಳತೆಗೆ ತಕ್ಕ ಮನೆ ಕಾಣಿಸುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಎ.ಕೆ. ರಾಮಾನುಜನ್ (1929-1993) ಅವರ ಓದಿಗಿಂತ ಉಚಿತವಾದ ನಿದರ್ಶನ ದೊರೆಯುವುದು ಕಷ್ಟ. ಮೈಸೂರಿನ ಅಯ್ಯಂಗಾರ್ ಮನೆತನದಲ್ಲಿ ಹುಟ್ಟಿದ ಅವರಿಗೆ ತಾಯಿಯ ಮಾತು ತಮಿಳು, ತಂದೆಯ ಓದುಕೋಣೆಯ ಮಾತು ಇಂಗ್ಲಿಷ್, ಬೀದಿಯ ಮಾತು ಕನ್ನಡ. ‘ಹೊಕ್ಕುಳಲ್ಲಿ ಹೂವಿಲ್ಲ’ (1969), ‘ಮತ್ತು ಇತರ ಕವಿತೆಗಳು’ (1977), ‘ಕುಂಟೋಬಿಲ್ಲೆ’ (1990) ಸಂಕಲನಗಳ ಕವಿಯಾಗಿ ಅವರು ಕನ್ನಡಕ್ಕೆ ಸೇರಿದವರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕನ್ನಡ ವ್ಯಾಕರಣವನ್ನು ಕುರಿತು ಸಂಶೋಧನೆ ಮಾಡಿ 1963ರಲ್ಲಿ ಪದವಿ ಪಡೆದ ಭಾಷಾವಿಜ್ಞಾನಿಯಾಗಿಯೂ ಅವರ ತರಬೇತಿಯ ಒಂದು ಕಾಲು ಕನ್ನಡದಲ್ಲಿಯೇ ಇತ್ತು. ಅವರು ಮೂರು ಪ್ರಾಚೀನ ಪಠ್ಯರಾಶಿಗಳನ್ನು ಇಂಗ್ಲಿಷಿಗೆ ತಂದರು: ಸಂಗಂ ಕಾಲದ ಪ್ರೇಮಕವಿತೆಗಳ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ (1967), ವಚನಗಳ ‘ಸ್ಪೀಕಿಂಗ್ ಆಫ್ ಶಿವ’ (1973), ನಮ್ಮಾಳ್ವಾರರ ಪಾಶುರಗಳ ‘ಹಿಮ್ಸ್ ಫಾರ್ ದಿ ಡ್ರೌನಿಂಗ್’ (1981). ಈ ಮೂರನ್ನೂ ಅನುವಾದದ ಗುಣದೋಷಗಳ ನೆಲೆಯಲ್ಲಿ ಚರ್ಚಿಸುವುದು ವಾಡಿಕೆ. ಪ್ರಸ್ತುತ ಲೇಖನದ ಆಸಕ್ತಿ ಅನುವಾದಕ್ಕೆ ಮೊದಲಿನ ಹಂತದ್ದು, ಅಂದರೆ ಅವರ ಓದಿನದು. ಮೂರು ಪಠ್ಯಗಳನ್ನೂ ಅವರು ಒಂದೇ ರೀತಿಯಲ್ಲಿ ಓದಲಿಲ್ಲ ಎಂಬುದೂ, ಆ ವ್ಯತ್ಯಾಸ ಕನ್ನಡದ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು ಎಂಬುದೂ ಇಲ್ಲಿನ ಮುಖ್ಯ ವಿಚಾರ.

1962ರಲ್ಲಿ, ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ ಹೊಸತರಲ್ಲಿ, ಒಂದು ಶನಿವಾರ ರಾಮಾನುಜನ್ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ಪ್ರಾಥಮಿಕ ವ್ಯಾಕರಣವೊಂದನ್ನು ಹುಡುಕುತ್ತಿದ್ದರು. ಮನೆಮಾತು ತಮಿಳಾದರೂ ಹಳೆಯ ತಮಿಳನ್ನು ಅವರು ಎಲ್ಲಿಯೂ ಕಲಿತಿರಲಿಲ್ಲ. ಸಿಕ್ಕಿದ್ದು ವ್ಯಾಕರಣವಲ್ಲ, ಉ.ವೇ. ಸ್ವಾಮಿನಾಥ ಅಯ್ಯರ್ ಅವರು 1937ರಲ್ಲಿ ಸಂಪಾದಿಸಿದ್ದ ‘ಕುರುಂತೊಗೈ’. ಕಪಾಟುಗಳ ನಡುವೆ ನೆಲದ ಮೇಲೆಯೇ ಕುಳಿತು ಪುಟ ತಿರುವಿದಾಗ ಅವರಿಗೆ ಮೊದಲು ತಿಳಿದದ್ದು ಪದ್ಯಗಳಲ್ಲ, ಅವುಗಳ ಕೆಳಗಿದ್ದ ಗದ್ಯ ವ್ಯಾಖ್ಯಾನ. ಆ ಗದ್ಯ ಸರಾಗವಾಗಿ ಅರ್ಥವಾಯಿತು. ಅದರ ಮೂಲಕ ಪದ್ಯಗಳು ತೆರೆದುಕೊಂಡವು. 1985ರ ‘ಪೊಯಮ್ಸ್ ಆಫ್ ಲವ್ ಅಂಡ್ ವಾರ್’ ಗ್ರಂಥದಲ್ಲಿ ಅವರೇ ದಾಖಲಿಸಿರುವ ಈ ಪ್ರಸಂಗವನ್ನು ಪ್ರವಾಸಿ ಪಂಡಿತನೊಬ್ಬ ದೂರದೇಶದಲ್ಲಿ ತನ್ನ ಬೇರನ್ನು ಕಂಡುಕೊಂಡ ಕಥೆಯೆಂದು ಭಾವುಕವಾಗಿ ಉಲ್ಲೇಖಿಸುವುದುಂಟು. ಓದಿನ ದೃಷ್ಟಿಯಿಂದ ಅದರಲ್ಲಿ ಗಮನಿಸಬೇಕಾದದ್ದು ಬೇರೆ ಇದೆ. ಪದ್ಯದ ಎದುರು ರಾಮಾನುಜನ್ ತಮ್ಮ ಸಂವೇದನೆಯೊಂದನ್ನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ಮತ್ತೊಬ್ಬ ಓದುಗನ ಬೆನ್ನ ಹಿಂದೆ ನಿಂತು, ಅವನ ಭುಜದ ಮೇಲಿಂದ ಪುಟವನ್ನು ನೋಡಿದರು.

ಆ ಮತ್ತೊಬ್ಬ ಓದುಗನಿಗೂ ಪಠ್ಯ ಸುಲಭವಾಗಿ ದಕ್ಕಿದ್ದಲ್ಲ. ಕುರುಂತೊಗೈಯ ಪದ್ಯಗಳಲ್ಲಿ 380ಕ್ಕೆ ಪೇರಾಶಿರಿಯರ್, ಉಳಿದ 20ಕ್ಕೆ ನಚ್ಚಿನಾರ್ಕಿನಿಯರ್ ವ್ಯಾಖ್ಯಾನ ಬರೆದಿದ್ದರೆಂದು ಪ್ರತೀತಿ, ಎರಡೂ ಉಳಿದುಬಂದಿಲ್ಲ. ಹೀಗಾಗಿ 1937ರ ಆವೃತ್ತಿಯ ಗದ್ಯ ಅಯ್ಯರ್ ಅವರೇ ಬರೆದದ್ದು. ಆ ಗದ್ಯದ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ತರಬೇತಿಯಿದೆ. ಅದರ ಆರಂಭ 1880ರಲ್ಲಿ, ಕುಂಭಕೋಣದಲ್ಲಿ.

ಸ್ವಾಮಿನಾಥ ಅಯ್ಯರ್ (1855-1942) ತಿರುವಾವಡುದುರೈ ಶೈವಮಠದ ಆಶ್ರಯದಲ್ಲಿ ಮೀನಾಕ್ಷಿಸುಂದರಂ ಪಿಳ್ಳೈ ಅವರ ಬಳಿ ಕಲಿತವರು. ಅಂತಾದಿ, ಕೋವೈ, ಉಲಾ, ಪಿಳ್ಳೈತ್ತಮಿಳ್ ಮೊದಲಾದ ಪ್ರಕಾರಗಳಲ್ಲಿ ಅವರು ಓದದ ಕೃತಿ ವಿರಳ. ಕುಂಭಕೋಣದ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿದ ವರ್ಷವೇ ಅಲ್ಲಿ ಮುನ್ಸೀಫರಾಗಿದ್ದ ಸೇಲಂ ರಾಮಸ್ವಾಮಿ ಮೊದಲಿಯಾರ್ ಅವರನ್ನು ಕಂಡರು. ಏನೇನು ಓದಿದ್ದೀರಿ ಎಂದು ಮೊದಲಿಯಾರ್ ಕೇಳಿದಾಗ ಅಯ್ಯರ್ ದೊಡ್ಡ ಪಟ್ಟಿಯನ್ನೇ ಒಪ್ಪಿಸಿದರು. ಕೇಳುವವರ ಮುಖದಲ್ಲಿ ಬದಲಾವಣೆಯಿಲ್ಲ. ‘ಜೀವಕ ಚಿಂತಾಮಣಿ’ ಓದಿದ್ದೀರಾ ಎಂಬ ಪ್ರಶ್ನೆ ಬಂತು. ಓದಿರಲಿಲ್ಲ. ಮೊದಲಿಯಾರ್ ತಮ್ಮಲ್ಲಿದ್ದ ಕೈಬರಹದ ಪ್ರತಿಯನ್ನು ಕೊಟ್ಟರು. ತಿರುತ್ತಕ್ಕದೇವರ ಆ ಕಾವ್ಯವೂ ನಚ್ಚಿನಾರ್ಕಿನಿಯರ ವ್ಯಾಖ್ಯಾನವೂ ಕೈಯಲ್ಲಿದ್ದರೂ ಪಂಡಿತರಿಗೆ ದಾರಿ ಕಾಣಲಿಲ್ಲ. ಅದು ಜೈನಕಾವ್ಯ, ಅದರ ಸ್ತುತಿಯಿಂದ ಹಿಡಿದು ಪಾರಿಭಾಷಿಕ ಪದಗಳವರೆಗೆ ಎಲ್ಲವೂ ಶೈವವಿದ್ಯಾರ್ಥಿಯ ಅನುಭವಕ್ಕೆ ಹೊರತಾದದ್ದು. (ಅದೇ ಕಥೆಯನ್ನು ಭಾಸ್ಕರಕವಿಯ ‘ಜೀವಂಧರ ಚರಿತೆ’ಯಿಂದ ಬಲ್ಲ ಕನ್ನಡಿಗನಿಗೆ ಈ ತೊಡಕು ಅಷ್ಟಾಗಿ ಬಾಧಿಸಲಾರದು.)

ಅಯ್ಯರ್ ಮಾಡಿದ್ದು ಸರಳವಾದ ಕೆಲಸ. ಕುಂಭಕೋಣದಲ್ಲಿ ಜೈನ ಕುಟುಂಬಗಳಿದ್ದವು. ಅವರ ಮನೆಗಳಿಗೆ ಹೋಗಿ ಕೇಳಿದರು. ಅಲ್ಲಿ ತಿಳಿದದ್ದೇನೆಂದರೆ, ಪಂಡಿತಲೋಕ ಮರೆತಿದ್ದ ಚಿಂತಾಮಣಿಯನ್ನು ಆ ಮನೆಗಳಲ್ಲಿ ಶ್ರದ್ಧೆಯಿಂದ ಪಾರಾಯಣ ಮಾಡುತ್ತಿದ್ದರು. ತಮಗೆ ದಿನಗಟ್ಟಲೆ ಅರ್ಥವಾಗದ ಮಾತುಗಳಿಗೆ ಅವರಲ್ಲಿ ಸಿದ್ಧವಾದ ಉತ್ತರವಿತ್ತು. 1887ರಲ್ಲಿ ಚಿಂತಾಮಣಿ ಅಚ್ಚಾಗಿ ಹೊರಬಂದಿತು. ಅಯ್ಯರ್ ಅವರ ಆತ್ಮಕಥೆ ‘ಎನ್ ಚರಿತ್ತಿರಂ’ ಈ ವೃತ್ತಾಂತವನ್ನು ಸಾವಧಾನವಾಗಿ ಹೇಳುತ್ತದೆ. ಅಪರಿಚಿತತೆ ಎಂಬುದು ಪಠ್ಯದಲ್ಲಿ ಅಂತರ್ಗತವಾದ ಗುಣವಲ್ಲ, ಓದುಗ ನಿಂತ ಜಾಗಕ್ಕೆ ಸಂಬಂಧಿಸಿದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಒಂದು ಬೀದಿಯಲ್ಲಿ ದುರ್ಗಮವಾದ ಕಾವ್ಯ ಪಕ್ಕದ ಬೀದಿಯಲ್ಲಿ ನಿತ್ಯದ ಓದು. ಕನ್ನಡದಲ್ಲಿ ಫ.ಗು. ಹಳಕಟ್ಟಿ (1880-1964) ಅವರು ತಾಡೋಲೆಗಳಿಗಾಗಿ ಮನೆಮನೆ ತಿರುಗಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಹೊರತಂದದ್ದೂ ಇದೇ ಜಾತಿಯ ಶ್ರಮ. ಆದರೆ ಹಳಕಟ್ಟಿಯವರು ತಿರುಗಿದ್ದು ತಮ್ಮವರ ಮನೆಗಳನ್ನು; ಅಯ್ಯರ್ ತಟ್ಟಿದ್ದು ಅನ್ಯಮತದ ಕದವನ್ನು.

ಕುರುಂತೊಗೈಯ ಗದ್ಯದಲ್ಲಿ ರಾಮಾನುಜನ್ನರಿಗೆ ದೊರೆತದ್ದು ಹೀಗೆ ಕೇಳಿ ಕಲಿತ ಓದುಗನೊಬ್ಬನ ಅಭ್ಯಾಸ. ಅದರಿಂದ ಅವರು ಮೊದಲು ಪಡೆದದ್ದು ಪದಗಳ ಅರ್ಥವನ್ನಲ್ಲ, ಕೇಳಬೇಕಾದ ಪ್ರಶ್ನೆಗಳನ್ನು: ಈ ಮಾತನ್ನು ಯಾರು ಆಡುತ್ತಿದ್ದಾರೆ, ಯಾರಿಗೆ, ಯಾವ ನೆಲದಲ್ಲಿ, ಯಾವ ಹೊತ್ತಿನಲ್ಲಿ? ಅಗಂ ಕವಿತೆಗಳಲ್ಲಿ ಕವಿ ತಾನಾಗಿ ಮಾತಾಡುವುದಿಲ್ಲ. ವ್ಯಕ್ತಿಗಳ ಹೆಸರು ಬರುವುದಿಲ್ಲ. ಮಾತಾಡುವವರು ನಾಯಕಿ, ನಾಯಕ, ಸಖಿ, ಸಾಕುತಾಯಿ, ಪರತ್ತೈ, ದಾರಿಹೋಕರು ಮುಂತಾದ ಗೊತ್ತಾದ ಪಾತ್ರಗಳು. ತೊಲ್ಕಾಪ್ಪಿಯಂ ಹೇಳುವ ಐದು ತಿಣೈಗಳಲ್ಲಿ ಬೆಟ್ಟದ ಕುರಿಂಜಿ ಮಿಲನಕ್ಕೆ, ಕಾಡಿನ ಮುಲ್ಲೈ ತಾಳ್ಮೆಯ ನಿರೀಕ್ಷೆಗೆ, ಗದ್ದೆಬಯಲಿನ ಮರುದಂ ಹುಸಿಮುನಿಸಿಗೆ, ಕಡಲತಡಿಯ ನೆಯ್ದಲ್ ಹಂಬಲಕ್ಕೆ, ಬೆಂಗಾಡಿನ ಪಾಲೈ ಅಗಲಿಕೆಗೆ ಸಲ್ಲುತ್ತದೆ. ಒಂದು ಹೂವಿನ ಹೆಸರು, ಒಂದು ಹಕ್ಕಿಯ ಹೆಸರು ಬಂದರೆ ಸಾಕು, ಆ ನೆಲ, ಆ ಹೊತ್ತು, ಆ ಭಾವ ಒಟ್ಟಿಗೆ ಬರುತ್ತವೆ. ಇದನ್ನು ಅರಿಯದವನಿಗೆ ಈ ಕವಿತೆಗಳು ಚೆಂದದ ಪ್ರಕೃತಿವರ್ಣನೆಗಳಾಗಿ ಮಾತ್ರ ತೋರುತ್ತವೆ. ತಪ್ಪು ಓದಿನ ಅಪಾಯ ಅಲ್ಲಿಯೇ ಇರುವುದು, ಏಕೆಂದರೆ ಅರ್ಥವಾಗಲಿಲ್ಲವೆಂಬ ಸಂಶಯವೂ ಓದುಗನಿಗೆ ಬರುವುದಿಲ್ಲ.

ರಾಮಾನುಜನ್ ಒಂದು ಪ್ರಬಂಧದಲ್ಲಿ ವಿಸ್ತಾರವಾಗಿ ಬಿಡಿಸಿ ತೋರಿಸಿರುವ ‘ಐಂಗುರುನೂರು’ವಿನ 203ನೆಯ ಪದ್ಯವನ್ನು ಇಲ್ಲಿ ತುಸು ನಿಂತು ನೋಡಬಹುದು. ಕವಿ ಕಪಿಲರ್; ತಿಣೈ ಕುರಿಂಜಿ. ಪದ್ಯದ ಸಂಗತಿ ಇಷ್ಟೆ: ಅವನ ನಾಡಿನಲ್ಲಿ ತರಗೆಲೆ ಮುಚ್ಚಿದ ಹಳ್ಳದ ತಳದಲ್ಲಿ ಮೃಗಗಳು ಕುಡಿದುಳಿದ ಕದಡಿದ ನೀರು ತಮ್ಮ ತೋಟದ ಜೇನು ಬೆರೆತ ಹಾಲಿಗಿಂತ ರುಚಿ ಎಂದು ಒಬ್ಬ ಹೆಣ್ಣು ಹೇಳುತ್ತಾಳೆ. ಸಂದರ್ಭವನ್ನು ಪದ್ಯ ಹೇಳುವುದಿಲ್ಲ. ಅದರ ಕೆಳಗಿನ ಟಿಪ್ಪಣಿ ಹೇಳುತ್ತದೆ. ಪ್ರಿಯನ ಜೊತೆ ಹೊರಟುಹೋಗಿ ಮರಳಿ ಬಂದ ನಾಯಕಿಯನ್ನು ಸಖಿ, ನೀನು ಹೋದ ನಾಡಿನ ನೀರು ಚೆನ್ನಾಗಿಲ್ಲವಲ್ಲ, ಹೇಗೆ ಕುಡಿದೆ ಎಂದು ಕೇಳಿದಾಗ ಆಕೆ ಕೊಟ್ಟ ಉತ್ತರವಿದು. ಈ ಒಂದು ಪ್ರಶ್ನೆಯನ್ನು ಪದ್ಯದ ಹಿಂದೆ ಇಟ್ಟ ಕೂಡಲೇ ಅತಿಶಯೋಕ್ತಿಯಂತೆ ಕಂಡ ಮಾತು ಸಂಭಾಷಣೆಯಾಗುತ್ತದೆ. ಸಖಿಯ ಕಾಳಜಿ, ಅದರೊಳಗಿನ ಚುಚ್ಚುಮಾತು, ನಾಯಕಿಯ ಹೆಮ್ಮೆ, ತವರಿನ ಮೇಲಿನ ಮಮತೆ ಎಲ್ಲವೂ ಜೀವ ತಳೆಯುತ್ತವೆ. ಹಾಲು ಜೇನು ಇರುವ ತೋಟ ಇನ್ನೂ ‘ನಮ್ಮ’ದು, ನೀರು ‘ಅವರ’ ನಾಡಿನದು. ತವರನ್ನು ಬಿಟ್ಟುಕೊಡದೆಯೇ ಆಕೆ ಅವನ ನಾಡನ್ನು ಮೇಲಿಡುತ್ತಾಳೆ. ನಾಯಕಿ ಸಖಿಯನ್ನು ಕರೆಯುವುದು ತಾಯಿ ಎಂಬ ಅರ್ಥದ ಮಾತಿನಿಂದ. ಇಂಗ್ಲಿಷ್ ಓದುಗನಿಗೆ ಇದಕ್ಕೆ ಅಡಿಟಿಪ್ಪಣಿ ಬೇಕು. ಗೆಳತಿಯನ್ನು, ಮಗಳನ್ನು, ಪಕ್ಕದ ಮನೆಯ ಹುಡುಗಿಯನ್ನು ‘ಅವ್ವಾ’ ಎಂದು ಕರೆಯುವ ಕನ್ನಡದ ಕಿವಿಗೆ ಬೇಡ.

ಈ ಪದ್ಯ ಇಡಿಯಾಗಿ ಒಂದೇ ವಾಕ್ಯ. ಅದರ ಕೊನೆಯ ಮಾತು ‘ನೀರ್’, ಒತ್ತಿ ಹೇಳುವ ಪ್ರತ್ಯಯದೊಡನೆ. ಹಾಲು, ಜೇನು, ನಾಡು, ತರಗೆಲೆ, ಹಳ್ಳ, ಮೃಗ ಎಲ್ಲವನ್ನೂ ದಾಟಿ ಕಟ್ಟಕಡೆಗೆ ನೀರು ಬರುತ್ತದೆ. ತಮಿಳಿನ ಪದಕ್ರಮ ಇಂಗ್ಲಿಷಿನದಕ್ಕೆ ಕನ್ನಡಿಯ ಬಿಂಬದಂತೆ ತಿರುಗುಮುರುಗು ಎಂದು ಭಾಷಾವಿಜ್ಞಾನಿ ರಾಮಾನುಜನ್ ಬಲ್ಲರು, ವಿವರಿಸಿದ್ದಾರೆ ಕೂಡ. ಅವರ ಇಂಗ್ಲಿಷ್ ರೂಪದಲ್ಲಿ ನೀರು ನಡುವಿಗೆ ಸರಿಯುತ್ತದೆ; ಕೊನೆಯಲ್ಲಿ ಉಳಿಯುವುದು ಅದನ್ನು ಕದಡಿದ ಪ್ರಾಣಿಗಳು. ಕನ್ನಡದಲ್ಲಾದರೆ ಮೂಲದ ಕ್ರಮವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಳ್ಳಬಹುದು; ಪದಗಳೂ ಬಹಳಷ್ಟು ಒಂದೇ ಬೇರಿನವು. ಸಂಗಂ ಕವಿತೆಗೆ ಹತ್ತಿರದ ದಾರಿ ಇರುವ ಭಾಷೆಯ ಓದುಗರಲ್ಲಿ ಅನೇಕರು ಅದನ್ನು ಇಂಗ್ಲಿಷಿನ ಮೂಲಕ ಕಂಡರೆಂಬುದು ವಿಚಿತ್ರವಾದರೂ ನಿಜ.

ಮತ್ತೊಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಸಂದರ್ಭ ಸೂಚಿಸುವ ಟಿಪ್ಪಣಿಗಳು ಕವಿಗಳವಲ್ಲ. ಅವು ಅನಂತರದ ಸಂಕಲನಕಾರರು ಸೇರಿಸಿದವು. ಅಂದರೆ ಪದ್ಯದ ಮೊದಲ ಓದುಗರ ಊಹೆಗಳು. ರಾಮಾನುಜನ್ನರಿಗೆ ಇದು ತಿಳಿದಿತ್ತು. ಆದರೂ ಆ ಊಹೆಗಳನ್ನು ಪ್ರಕ್ಷಿಪ್ತವೆಂದು ತಳ್ಳದೆ, ‘ಅವಳು ಹೇಳಿದ್ದು’, ‘ಅವಳ ಸಖಿ ಹೇಳಿದ್ದು’ ಎಂಬ ಬಗೆಯ ಶೀರ್ಷಿಕೆಗಳಾಗಿ ಪದ್ಯಗಳ ತಲೆಯ ಮೇಲಿಟ್ಟರು. ಹಳೆಯ ಓದುಗನನ್ನು ಪಠ್ಯದ ಭಾಗವಾಗಿ ಒಪ್ಪಿಕೊಳ್ಳುವ ವಿನಯವಿದು. ಪುಸ್ತಕದ ವಿನ್ಯಾಸದಲ್ಲಿಯೂ ಈ ವಿನಯ ಕಾಣುತ್ತದೆ. ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ನಲ್ಲಿ ಕವಿತೆಗಳು ಮೊದಲು ಬರುತ್ತವೆ, ತಿಣೈಗಳ ಕಾವ್ಯಮೀಮಾಂಸೆಯನ್ನು ವಿವರಿಸುವ ಪ್ರೌಢ ಪ್ರಬಂಧ ಹಿನ್ನುಡಿಯಾಗಿ ಆಮೇಲೆ ಬರುತ್ತದೆ. ಓದುಗ ಮೊದಲು ಅಪರಿಚಿತತೆಯನ್ನು ಅನುಭವಿಸಲಿ, ಅನಂತರ ಕೀಲಿಕೈ ಸಿಗಲಿ ಎಂಬುದು ಇದರ ಇಂಗಿತ.

ಹಾಗೆಂದು ಈ ಓದಿನಲ್ಲಿ ರಾಮಾನುಜನ್ನರ ಸ್ವಂತದ್ದು ಏನೂ ಇಲ್ಲವೆನ್ನಲಾಗದು. ಆಯ್ಕೆ ಅವರದು, ಚಿಕ್ಕ, ಬಿಗಿಯಾದ, ಪ್ರತಿಮೆಯೊಂದರ ಮೇಲೆ ನಿಲ್ಲುವ ಪದ್ಯಗಳ ಕಡೆಗೆ ಅವರ ಒಲವು. ಸಾಲುಗಳನ್ನು ಒಡೆದು ಪುಟದ ಮೇಲೆ ಹರಡಿದ ಬಗೆ ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕವಿಯದು. ನವ್ಯಕವಿಯ ಅಭಿರುಚಿ ಅಲ್ಲಿ ಸ್ಪಷ್ಟವಾಗಿ ಕೆಲಸ ಮಾಡಿದೆ. ಆದರೆ ಅದು ಕೆಲಸ ಮಾಡುವುದು ಸಂಕೇತಗಳನ್ನು ಕಲಿತ ಮೇಲೆ, ಅವುಗಳ ಮಿತಿಯೊಳಗೆ.

‘ಸ್ಪೀಕಿಂಗ್ ಆಫ್ ಶಿವ’ಕ್ಕೆ ಬಂದಾಗ ಕ್ರಮ ಬದಲಾಗುತ್ತದೆ. ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರ ವಚನಗಳನ್ನು ಜಗತ್ತಿನ ಓದುಗರ ಮುಂದಿಟ್ಟ ಆ ಗ್ರಂಥದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಅದರ ಪೀಠಿಕೆ ವಚನಗಳನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಅತ್ಯಂತ ಸತ್ವಯುತ ಬರಹಗಳಲ್ಲಿ ಒಂದು. ಆದರೆ ಅದು ಪೀಠಿಕೆ. ವಚನಗಳಿಗೆ ಮೊದಲು ಬರುತ್ತದೆ. ಪೆಂಗ್ವಿನ್ ಮಾಲಿಕೆಯ ಪದ್ಧತಿ ಹಾಗಿರಬಹುದಾದರೂ ಪರಿಣಾಮ ಬೇರೆಯೇ ಆಗಿದೆ. ಸ್ಥಾವರ ಮತ್ತು ಜಂಗಮ, ಅನುಭವ ಮತ್ತು ಅನುಭಾವ ಎಂಬ ಜೋಡಿಗಳ ಸುತ್ತ ಕಟ್ಟಿದ ವಿಶ್ಲೇಷಣೆ, ಮಾನವಶಾಸ್ತ್ರದಿಂದ ಪಡೆದ ಸಂರಚನೆ ಮತ್ತು ಪ್ರತಿಸಂರಚನೆ ಎಂಬ ಕಲ್ಪನೆ, ಯೂರೋಪಿನ ಪ್ರಾಟೆಸ್ಟೆಂಟ್ ಚಳವಳಿಯೊಡನೆ ಹೋಲಿಕೆ ಇವುಗಳನ್ನು ತಲೆಯಲ್ಲಿ ತುಂಬಿಕೊಂಡು ಓದುಗ ಮೊದಲ ವಚನಕ್ಕೆ ಬರುತ್ತಾನೆ. ಜಂಗಮವೆಂದರೆ ಊರೂರು ತಿರುಗುವ ವಿರಕ್ತ ಎಂಬ ವೀರಶೈವ ಅರ್ಥವನ್ನು ರಾಮಾನುಜನ್ ಕಾಣಿಸದೆ ಇಲ್ಲ. ಆದರೂ ವಾದದ ಭಾರವೆಲ್ಲ ‘ಚಲಿಸುವುದು’ ಎಂಬ ಅರ್ಥದ ಮೇಲೆ ಬೀಳುತ್ತದೆ. ದಾಸೋಹದ ಮನೆಬಾಗಿಲಿಗೆ ಬಂದು ನಿಂತ, ಉಣಬಡಿಸಬೇಕಾದ ಮನುಷ್ಯ ಹಿನ್ನೆಲೆಗೆ ಸರಿದು ತತ್ತ್ವವೊಂದು ಮುನ್ನೆಲೆಗೆ ಬರುತ್ತದೆ.

ಅಂಕಿತಗಳ ವಿಷಯ ಇನ್ನೂ ಪ್ರಸಿದ್ಧವಾದದ್ದು. ಕೂಡಲಸಂಗಮದೇವ ‘ಕೂಡುವ ನದಿಗಳ ಒಡೆಯ’ನಾಗುತ್ತಾನೆ, ಚೆನ್ನಮಲ್ಲಿಕಾರ್ಜುನ ‘ಮಲ್ಲಿಗೆಯಂತೆ ಬಿಳಿಯನಾದ ಒಡೆಯ’ನಾಗುತ್ತಾನೆ, ಗುಹೇಶ್ವರ ‘ಗುಹೆಗಳ ಒಡೆಯ’ನಾಗುತ್ತಾನೆ. ದಾಸಿಮಯ್ಯನ ರಾಮನಾಥ ಮಾತ್ರ ರಾಮನಾಥನಾಗಿಯೇ ಉಳಿದಿದ್ದಾನೆ. ತೇಜಸ್ವಿನಿ ನಿರಂಜನ ಅವರು ‘ಸೈಟಿಂಗ್ ಟ್ರಾನ್ಸ್‌ಲೇಶನ್’ (1992) ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅಲ್ಲಮನ ಒಂದು ವಚನವನ್ನು ತೆಗೆದುಕೊಂಡು ಈ ಪದ್ಧತಿಯನ್ನು ಕಟುವಾಗಿ ಪ್ರಶ್ನಿಸಿದರು. ವಚನವನ್ನು ರೊಮ್ಯಾಂಟಿಕ್ ನಂತರದ ಭಾವಗೀತೆಯ ಅಚ್ಚಿಗೆ ಎರಕ ಹೊಯ್ದು ಪಾಶ್ಚಾತ್ಯ ಓದುಗನಿಗೆ ಒಗ್ಗಿಸಲಾಗಿದೆ ಎಂಬುದು ಅವರ ಆಕ್ಷೇಪದ ತಿರುಳು. ವಿನಯ್ ಧಾರವಾಡಕರ್ 1999ರಲ್ಲಿ ಪ್ರಕಟವಾದ ಲೇಖನದಲ್ಲಿ ರಾಮಾನುಜನ್ನರ ಪರವಾಗಿ ವಿವರವಾಗಿಯೇ ಉತ್ತರಿಸಿದರು. ಅಂಕಿತದ ಬಗ್ಗೆ ನಿರಂಜನರ ಆಕ್ಷೇಪ ಸರಿ. ಕೃಷ್ಣಾ ಮಲಪ್ರಭಾ ಸಂಗಮದ ಆ ಊರು, ಅಲ್ಲಿನ ದೇವರು, ಆ ದೇವರನ್ನು ಕೂಗಿ ಕರೆಯುವ ದನಿ ಇವು ‘ಕೂಡುವ ನದಿಗಳು’ ಎಂಬ ಸುಂದರ ಪ್ರತಿಮೆಯಲ್ಲಿ ಕರಗಿಹೋಗುತ್ತವೆ. ಹೆಸರು ಅರ್ಥವಾದಾಗ ಕರೆ ವರ್ಣನೆಯಾಗುತ್ತದೆ. ಆದರೆ ಎಲ್ಲವನ್ನೂ ವಸಾಹತುಶಾಹಿಯ ಲೆಕ್ಕಕ್ಕೆ ಬರೆಯುವುದರಿಂದ ಒಂದು ಸಂಗತಿ ವಿವರಣೆಯಿಲ್ಲದೆ ಉಳಿಯುತ್ತದೆ. ಅದೇ ಅನುವಾದಕ, ಅದೇ ಇಂಗ್ಲಿಷಿನಲ್ಲಿ, ಅದೇ ಓದುಗರಿಗಾಗಿ ಆರು ವರ್ಷಗಳ ಮೊದಲು ಕುರುಂತೊಗೈಯನ್ನು ತಂದಾಗ ಪಠ್ಯದ ಸ್ವಂತ ಸಂಕೇತಗಳಿಗೆ ಅಷ್ಟು ನಿಷ್ಠೆ ತೋರಿದ್ದು ಹೇಗೆ?

ಉತ್ತರವನ್ನು ಓದಿನ ಕ್ರಮದಲ್ಲಿ ಹುಡುಕಬೇಕು. ತಮಿಳು ಪದ್ಯದ ಎದುರು ಕೇಳಿದ ‘ಯಾರು ಯಾರಿಗೆ ಹೇಳುತ್ತಿದ್ದಾರೆ’ ಎಂಬ ಪ್ರಶ್ನೆಯನ್ನು ವಚನದ ಎದುರು ಅಷ್ಟು ಬಿಗಿಯಾಗಿ ಕೇಳಿದಂತಿಲ್ಲ. ವಚನದ ‘ನಾನು’ ಶರಣನ, ಶರಣೆಯ ನೇರ ದನಿಯೆಂದು ಅವರು ಗ್ರಹಿಸಿದರು. ವಚನಗಳಿಗೂ ಹಳೆಯ ಓದುಗರಿದ್ದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಆರಂಭವಾಗಿ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ಬೆಳೆದ ಶೂನ್ಯಸಂಪಾದನೆಗಳು ಬಿಡಿ ವಚನಗಳನ್ನು ಸಂವಾದದಲ್ಲಿ ಪೋಣಿಸಿದವು. ಅಲ್ಲಮ ಪ್ರಶ್ನಿಸುತ್ತಾನೆ, ಅಕ್ಕ ಉತ್ತರಿಸುತ್ತಾಳೆ. ಒಂದು ವಚನ ಮತ್ತೊಂದಕ್ಕೆ ಮರುಮಾತಾಗುತ್ತದೆ. ತಮಿಳು ಟಿಪ್ಪಣಿಕಾರ ಮಾಡಿದ್ದನ್ನೇ ಕನ್ನಡದ ಸಂಪಾದನಕಾರ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದ. ರಾಮಾನುಜನ್ ಅಕ್ಕ ಮತ್ತು ಅಲ್ಲಮರ ಭೇಟಿಯನ್ನು ಕವಿಪರಿಚಯದಲ್ಲಿ ಪ್ರಸ್ತಾಪಿಸುತ್ತಾರೆ. ಷಟ್‌ಸ್ಥಲವನ್ನು ಅನುಬಂಧದಲ್ಲಿ ವಿವರಿಸುತ್ತಾರೆ. ವಚನಗಳು ಮಾತ್ರ ಬರಿಯ ಸಂಖ್ಯೆಯನ್ನು ಹೊತ್ತು ಪುಟದ ಮೇಲೆ ಒಂಟಿಯಾಗಿ ನಿಲ್ಲುತ್ತವೆ. ತಮಿಳಿನಲ್ಲಿ ತಲೆಯ ಮೇಲಿದ್ದದ್ದು ಕನ್ನಡದಲ್ಲಿ ಪುಸ್ತಕದ ಬಾಲಕ್ಕೆ ಹೋಯಿತು. ಲಿಂಗಾಯತ ಸಂಸ್ಕೃತಿಯನ್ನು ಕುರಿತ ಮತ್ತೊಂದು ಅನುಬಂಧವನ್ನು ಬರೆದವರು ವಿಲಿಯಂ ಮೆಕಾರ್ಮಾಕ್. ಅಯ್ಯರ್ ಖುದ್ದಾಗಿ ಹೋಗಿ ತಟ್ಟಿದ ಕದ ಇಲ್ಲಿ ಮಾನವಶಾಸ್ತ್ರಜ್ಞನ ಪಾಲಿಗೆ ಹೋಗಿದೆ.

ಸಂಪಾದನೆಗಳು ವಚನಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಈಚಿನವು, ಪಂಥದ ಅಗತ್ಯಕ್ಕೆ ಕಟ್ಟಿದವು, ಆದ್ದರಿಂದ ಅವುಗಳನ್ನು ಕಳಚಿ ಮೂಲ ವಚನವನ್ನು ನೋಡುವುದೇ ಶಾಸ್ತ್ರೀಯ ಎಂಬ ಸಮಾಧಾನವನ್ನು ಹೇಳಬಹುದು. ಅದು ಸಾಧುವಾದ ಸಮಾಧಾನವೇ. ಆದರೆ ಅದೇ ಮಾನದಂಡವನ್ನು ಅನ್ವಯಿಸಿದರೆ ಐಂಗುರುನೂರುವಿನ ಸಖಿಯ ಪ್ರಶ್ನೆಯೂ ಹೋಗಬೇಕಾಗುತ್ತದೆ. ಒಂದೆಡೆ ಈಚಿನ ಓದುಗ ಮಾರ್ಗದರ್ಶಿ, ಇನ್ನೊಂದೆಡೆ ಅಡ್ಡಿ ಎಂಬ ಭೇದಕ್ಕೆ ಪಠ್ಯಗಳಲ್ಲಿ ಆಧಾರವಿಲ್ಲ. ಓದುಗನ ಆತ್ಮವಿಶ್ವಾಸದಲ್ಲಿ ಇದೆ. ಹಳೆಯ ತಮಿಳು ತಮಗೆ ತಿಳಿಯದೆಂದು ರಾಮಾನುಜನ್ ಬಲ್ಲವರಾಗಿದ್ದರು. ಕನ್ನಡ ಅವರು ಆಡಿದ, ಬರೆದ, ವ್ಯಾಕರಣ ಕಟ್ಟಿದ ಭಾಷೆ. ವಚನದ ಪದಗಳು ಇಂದಿಗೂ ಹೆಚ್ಚಿನ ತಡೆಯಿಲ್ಲದೆ ಅರ್ಥವಾಗುತ್ತವೆ. ಭಾಷೆ ತಿಳಿದದ್ದರಿಂದಲೇ ಪಠ್ಯವೂ ತಿಳಿಯಿತೆಂಬ ಭರವಸೆ ಹುಟ್ಟಿರಬೇಕು. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಅವರಿಗೆ ವೀರಶೈವ ಪರಿಸರ ನೆರೆಮನೆಯಷ್ಟು ಹತ್ತಿರವಿತ್ತು. ಆದರೂ ಅದು ನೆರೆಮನೆಯೇ.

ಹಾಗಾದರೆ ಪರಿಚಿತವಾದದ್ದನ್ನೆಲ್ಲ ರಾಮಾನುಜನ್ ಅವಸರದಿಂದ ಓದಿದರೆಂದು ತೀರ್ಮಾನಿಸಬಹುದೇ? ಮೂರನೆಯ ಗ್ರಂಥ ಅದಕ್ಕೆ ಆಸ್ಪದ ಕೊಡುವುದಿಲ್ಲ. ಶ್ರೀವೈಷ್ಣವ ಮನೆತನದವರಿಗೆ ನಮ್ಮಾಳ್ವಾರರ ಪಾಶುರಗಳಿಗಿಂತ ಕಿವಿಗೆ ಪರಿಚಿತವಾದ ಪಠ್ಯ ಬೇರೊಂದಿರಲಾರದು. ಅಲ್ಲಿ ರಾಮಾನುಜನ್ ಮತ್ತೆ ನಿಧಾನವಾಗುತ್ತಾರೆ. ವಿರಹದ ಪಾಶುರಗಳಲ್ಲಿ ಅವಳು ಹೇಳಿದ್ದು, ಅವಳ ತಾಯಿ ಹೇಳಿದ್ದು ಎಂಬ ವಿಂಗಡಣೆ ಮರಳಿ ಬರುತ್ತದೆ. ಭಕ್ತನ ದನಿ ಅಗಂ ನಾಯಕಿಯ ದನಿಯನ್ನು ಹೇಗೆ ತೊಟ್ಟುಕೊಂಡಿತು ಎಂಬುದನ್ನು ಹಿನ್ನುಡಿ ಬಹಳ ಸೂಕ್ಷ್ಮವಾಗಿ ಬಿಡಿಸುತ್ತದೆ. ನಿತ್ಯ ಕೇಳಿದ ಹಾಡನ್ನು ಅವರು ಕುರುಂತೊಗೈಯ ಮೂಲಕ ಹಾದುಬಂದು ಮತ್ತೆ ಕೇಳಿದರು, ಕೇಳಿದ್ದು ಹೊಸದಾಗಿತ್ತು. ಸ್ವಂತ ಪರಂಪರೆಯಾದರೂ ಹುಟ್ಟಿನಿಂದ ಕೈವಶವಾಗುವುದಿಲ್ಲ ಎಂಬ ಅವರ ನಿಲುವು ಇಲ್ಲಿ ಕೃತಿರೂಪಕ್ಕೆ ಬಂದಿದೆ. 1981ರ ಈ ಓದನ್ನು ಕೈಯಲ್ಲಿ ಹಿಡಿದು ಅವರು ಅಕ್ಕನ ವಚನಗಳಿಗೆ ಹಿಂದಿರುಗಿದ್ದರೆ ಏನಾಗುತ್ತಿತ್ತು ಎಂಬ ಕುತೂಹಲ ಸಹಜ. ಸಖಿಯನ್ನು ‘ಅವ್ವಾ’ ಎಂದು ಕರೆದು ತನ್ನ ಕನಸನ್ನೋ ಮದುವೆಯನ್ನೋ ಹೇಳಿಕೊಳ್ಳುವ ಅಕ್ಕನ ‘ನಾನು’ ಎಷ್ಟರ ಮಟ್ಟಿಗೆ ಆತ್ಮಚರಿತ್ರೆ, ಎಷ್ಟರ ಮಟ್ಟಿಗೆ ಹೆಣ್ಣುದನಿಯ ಹಳೆಯ ಕಾವ್ಯಸಂಪ್ರದಾಯ ಎಂಬ ಪ್ರಶ್ನೆಯನ್ನು ಎತ್ತಲು ಅವರಷ್ಟು ಸಜ್ಜಾಗಿದ್ದವರು ಇನ್ನೊಬ್ಬರಿರಲಿಲ್ಲ.

ಈ ಪ್ರಶ್ನೆ ರಾಮಾನುಜನ್ನರೊಬ್ಬರಿಗೆ ಸಂಬಂಧಿಸಿದ್ದಲ್ಲ. ಕನ್ನಡದ ಇಂದಿನ ಓದುಗ ತನ್ನ ಪ್ರಾಚೀನ ಸಾಹಿತ್ಯದ ಮುಂದೆ ನಿಂತಿರುವುದೂ ಹೆಚ್ಚುಕಡಿಮೆ ಇದೇ ಇಕ್ಕಟ್ಟಿನಲ್ಲಿ. ಹಳಗನ್ನಡದ ಕ್ಲಿಷ್ಟಪದ ಅಷ್ಟು ಅಪಾಯಕಾರಿಯಲ್ಲ; ಅದು ತಡೆದು ನಿಲ್ಲಿಸುತ್ತದೆ, ನಿಘಂಟಿಗೆ ಕಳಿಸುತ್ತದೆ. ತಿಳಿದಂತೆ ಕಾಣುವ ಪದವೇ ದಾರಿ ತಪ್ಪಿಸುವುದು. ‘ಕೂಸು’ ಎಂದಾಗ ಹಳೆಯ ಕವಿಗೆ ಕನ್ಯೆಯೊಬ್ಬಳು ಕಣ್ಣ ಮುಂದಿರಬಹುದು; ಇಂದಿನವನಿಗೆ ತೊಟ್ಟಿಲು ಕಾಣುತ್ತದೆ. ‘ಬಡ’ ಎಂಬುದು ನಡುವಿನ ತೆಳುವನ್ನು ಹೇಳುವಾಗ ಇಂದಿನ ಓದುಗ ದಾರಿದ್ರ್ಯವನ್ನು ಊಹಿಸಿಕೊಳ್ಳಬಹುದು. ಪದಗಳ ಮಟ್ಟದಲ್ಲಿ ಇದನ್ನು ಸರಿಪಡಿಸಲು ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯಂಥ ನೆರವುಗಳಿವೆ. ದನಿಗಳ, ಸಂದರ್ಭಗಳ, ಮತಸಂಕೇತಗಳ ಮಟ್ಟದಲ್ಲಿ ಅಂಥ ದೀಪಿಕೆಗಳು ವಿರಳ. ಕನ್ನಡಿಗರು ವಿಧಿವತ್ತಾಗಿ ಓದದೆಯೂ ಕಾವ್ಯದಲ್ಲಿ ನುರಿತವರೆಂದು ‘ಕವಿರಾಜಮಾರ್ಗ’ ಆಡಿದ ಮೆಚ್ಚುಮಾತನ್ನು ಓದದಿರುವುದಕ್ಕೆ ಸಿಕ್ಕ ಪರವಾನಗಿಯೆಂಬಂತೆ ವೇದಿಕೆಗಳಲ್ಲಿ ಬಳಸುವುದನ್ನು ಕಂಡರೆ ಆ ಗ್ರಂಥವನ್ನೂ ಯಾರೂ ಓದಿಲ್ಲವೇನೋ ಎನಿಸುತ್ತದೆ.

ವಚನಗಳ ಮಟ್ಟಿಗೆ ಸಾಮಗ್ರಿಯ ಕೊರತೆಯಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಪ್ರತಿಯೊಂದು ವಚನವನ್ನೂ ಅದರ ಕರ್ತೃವಿನ ಹೆಸರಿನಡಿ ತಂದು ಕೂಡಿಸಿವೆ. ಶೂನ್ಯಸಂಪಾದನೆಗಳು ಅದೇ ವಚನಗಳನ್ನು ಮಾತುಕತೆಯಲ್ಲಿ ಹೆಣೆದು ಇಟ್ಟುಕೊಂಡಿವೆ. ಅಕ್ಕನ ಒಂದು ವಚನವನ್ನು ಮೊದಲು ಸಂಪುಟದಲ್ಲಿ, ಅನಂತರ ಸಂಪಾದನೆಯಲ್ಲಿ ಓದಿದವನಿಗೆ ಎರಡು ಕಡೆ ಎರಡು ದನಿ ಕೇಳುತ್ತದೆ. ಒಂದರಲ್ಲಿ ಆಕೆ ಚೆನ್ನಮಲ್ಲಿಕಾರ್ಜುನನೊಬ್ಬನಿಗೇ ಹೇಳುತ್ತಿದ್ದಾಳೆ. ಇನ್ನೊಂದರಲ್ಲಿ ಅಲ್ಲಮ ಎದುರಿಗೆ ಕುಳಿತಿದ್ದಾನೆ, ಸುತ್ತ ಶರಣರಿದ್ದಾರೆ, ಆಕೆಯ ಮಾತು ಮುಗಿಯುವುದನ್ನೇ ಕಾದು ಮುಂದಿನ ಪ್ರಶ್ನೆ ಹಾಕಲಿದ್ದಾರೆ.